ಒಥೆಲೊ ಮತ್ತು ವೆನಿಸಿನ ಕಣ್ಣು



ಈ ಉಪನ್ಯಾಸಕ್ಕೆ ಕರೆ ಕಳುಹಿಸಿದ ಸಂಸ್ಥೆಯವರು ವಿಷಯವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನೂ ನನಗೇ ಬಿಟ್ಟುಕೊಟ್ಟುದು ಅವರ ಔದಾರ್ಯ. ಆ ಸ್ವಾತಂತ್ರ್ಯವನ್ನು ಬಳಸಿಕೊಂಡು, ನಮ್ಮ ಕಾಲೇಜುಗಳಲ್ಲಿ ಹಲವು ತಲೆಮಾರುಗಳಿಂದ ಪಠ್ಯವಾಗಿರುವ, ಪಠ್ಯವಾಗಿದ್ದುದರಿಂದಲೇ ಕೊಂಚ ಸವೆದುಹೋದಂತೆ ತೋರುವ ಷೇಕ್ಸ್‌ಪಿಯರನ ‘ಒಥೆಲೊ’ ರುದ್ರನಾಟಕವನ್ನೇ ಮತ್ತೆ ತಮ್ಮ ಮುಂದೆ ತರುತ್ತಿದ್ದೇನೆ. ‘ಮ್ಯಾಕ್‌ಬೆತ್’ ಎಂದರೆ ರಾಜ್ಯದಾಸೆ, ‘ಹ್ಯಾಮ್ಲೆಟ್’ ಎಂದರೆ ಅನಿಶ್ಚಯ, ‘ಒಥೆಲೊ’ ಎಂದರೆ ಮತ್ಸರ ಎಂದು ಒಂದೊಂದು ನಾಟಕಕ್ಕೆ ಒಂದೊಂದು ಗುಣದ ಹಣೆಪಟ್ಟಿಯನ್ನು ಕಟ್ಟುವುದು ನಮ್ಮಲ್ಲಿ ರೂಢಿ. ಪರೀಕ್ಷೆಯ ಉತ್ತರಪತ್ರಿಕೆಗೆ ಅಷ್ಟು ಸಾಕಾದೀತು. ಆದರೆ ಈ ನಾಟಕದಲ್ಲಿ ಮತ್ಸರವೆಂಬುದು ತಾನೇ ತಾನಾಗಿ ಮೊಳೆತ ಬೀಜವಲ್ಲವೆಂದೂ, ಒಂದು ಇಡೀ ನಗರದ ಪೂರ್ವಗ್ರಹವು ಒಬ್ಬ ಕುಟಿಲನ ನಾಲಗೆಯ ಮೂಲಕ ಒಬ್ಬ ವೀರನ ಅಂತಃಕರಣವನ್ನು ಹೊಕ್ಕು ಅಲ್ಲಿ ಮತ್ಸರದ ರೂಪವನ್ನು ತಳೆಯಿತೆಂದೂ ನನ್ನ ನಂಬಿಕೆ. ಇಯಾಗೊ ಒಥೆಲೊನಿಗೆ ಅವನ ಹೆಂಡತಿಯ ವಿಷಯವಾಗಿ ಹೇಳಿದ್ದು ಕಡಮೆ. ಒಥೆಲೊನ ವಿಷಯವಾಗಿ ವೆನಿಸ್ ಏನೆಂದುಕೊಂಡಿದೆ ಎಂಬುದನ್ನು ಹೇಳಿದ್ದೇ ಹೆಚ್ಚು.

ಇದನ್ನು ತೋರಿಸುವುದಕ್ಕಾಗಿ ಮೊದಲು ಕಥೆಯ ಮೂಲವನ್ನೂ, ಅನಂತರ ಮೊದಲನೆಯ ಅಂಕದ ವೆನಿಸ್ ನಗರವನ್ನೂ, ಆಮೇಲೆ ಇಯಾಗೊನ ವಿದ್ಯೆಯನ್ನೂ, ಅದರಿಂದ ಹುಟ್ಟಿದ ಸಂಶಯದ ಸ್ವರೂಪವನ್ನೂ ನೋಡಿ, ಕೊನೆಯಲ್ಲಿ ವಿಮರ್ಶಕರನ್ನೂ ರಂಗಭೂಮಿಯನ್ನೂ ಕುರಿತು ಕೆಲವು ಮಾತುಗಳನ್ನು ಹೇಳುವೆನು.

ನಾಟಕವು ರಂಗದ ಮೇಲೆ ಬಂದುದಕ್ಕೆ ನಮಗೆ ದೊರೆತಿರುವ ಮೊದಲನೆಯ ದಾಖಲೆ 1604ನೆಯ ಇಸವಿಯ ನವೆಂಬರ್ 1ರದು. ಅಂದು ವೈಟ್‌ಹಾಲ್ ಅರಮನೆಯಲ್ಲಿ, ಒಂದನೆಯ ಜೇಮ್ಸ್ ದೊರೆಯ ಆಸ್ಥಾನದ ಮುಂದೆ, ದೊರೆಯ ಹೆಸರನ್ನೇ ಹೊತ್ತ ನಟರ ಮಂಡಲಿ ಇದನ್ನು ಆಡಿತು. ಆ ಕಾಲದ ಲಂಡನ್ನಿಗೆ ಒಥೆಲೊನಂತಹ ಮೂರರು ಅಪರಿಚಿತರಾಗಿರಲಿಲ್ಲ. 1600ರಲ್ಲಿ ಮೊರಾಕೊ ದೇಶದ ಅರಸನ ರಾಯಭಾರಿಯಾಗಿ ಅಬ್ದ್ ಅಲ್ ವಾಹಿದ್ ಎಂಬಾತನು ಪರಿವಾರಸಮೇತನಾಗಿ ಬಂದು ಕೆಲವು ತಿಂಗಳು ಅಲ್ಲಿಯೇ ತಂಗಿದ್ದನು. ಜೇಮ್ಸನಿಗೆ ಮೊದಲು ಆಳುತ್ತಿದ್ದ ರಾಣಿಯು ಅವನನ್ನು ಆದರದಿಂದ ಬರಮಾಡಿಕೊಂಡಳು. ಅದೇ ರಾಣಿಯ ಆಡಳಿತವು 1596ರಲ್ಲಿ ಒಮ್ಮೆ, 1601ರಲ್ಲಿ ಇನ್ನೊಮ್ಮೆ, ತನ್ನ ರಾಜ್ಯದಲ್ಲಿರುವ ಕರಿಯರನ್ನು ಹೊರಕ್ಕೆ ಸಾಗಿಸಬೇಕೆಂದು ಬರೆಯಿತು. ಪ್ರಯೋಜನವಿದ್ದಾಗ ಸತ್ಕಾರ, ಇಲ್ಲದಾಗ ಬಹಿಷ್ಕಾರ ಎಂಬ ಈ ದ್ವಂದ್ವವನ್ನು ಕಾಣಲು ಷೇಕ್ಸ್‌ಪಿಯರನು ಇಟಲಿಯವರೆಗೆ ಹೋಗಬೇಕಾಗಿರಲಿಲ್ಲ.

ಆದರೂ ಕಥೆ ಇಟಲಿಯದೇ. 1565ರಲ್ಲಿ ಅಚ್ಚಾದ ಜಿರಾಲ್ದಿ ಚಿಂತಿಯೊನ ‘ಹೆಕಟೊಮ್ಮಿಥಿ’ ಎಂಬ ಕಥಾಸಂಗ್ರಹದ ಮೂರನೆಯ ದಶಕದ ಏಳನೆಯ ಕಥೆ ಅದು. ಅದರಲ್ಲಿ ಹೆಸರಿರುವುದು ನಾಯಿಕೆಯೊಬ್ಬಳಿಗೆ ಮಾತ್ರ. ಉಳಿದವರು ಮೂರ, ಧ್ವಜಧಾರಿ, ದಳಪತಿ ಎಂದು ಪದವಿಗಳಿಂದಲೇ ಕರೆಯಿಸಿಕೊಳ್ಳುತ್ತಾರೆ. ಧ್ವಜಧಾರಿಯು ಡಿಸ್ಡೆಮೋನಳಲ್ಲಿ ಅನುರಕ್ತನಾಗಿ, ಅವಳು ತನ್ನನ್ನು ಕಣ್ಣೆತ್ತಿಯೂ ನೋಡದೆ ಹೋದುದರಿಂದ ರೊಚ್ಚಿಗೇಳುತ್ತಾನೆ. ಅವಳು ಧ್ವಜಧಾರಿಯ ಮಗುವನ್ನು ಎತ್ತಿ ಮುದ್ದಿಸುತ್ತಿರುವಾಗ ಅವನು ಕರವಸ್ತ್ರವನ್ನು ಕದಿಯುತ್ತಾನೆ. ಕೊನೆಗೆ ಮೂರನೂ ಅವನೂ ಕೂಡಿ, ಮರಳು ತುಂಬಿದ ಕಾಲುಚೀಲದಿಂದ ಅವಳನ್ನು ಹೊಡೆದು ಕೊಂದು, ಅಪಘಾತವೆಂದು ತೋರುವಂತೆ ಮೇಲ್ಛಾವಣಿಯನ್ನು ಕೆಡಹುತ್ತಾರೆ. ಪೋಲೀಸು ಕಚೇರಿಯ ಕಡತದಲ್ಲಿ ಸೇರಿಸಬಹುದಾದ ಕಥೆ.

ಇದನ್ನು ಷೇಕ್ಸ್‌ಪಿಯರನು ಹೇಗೆ ಬದಲಾಯಿಸಿದನೆಂಬುದನ್ನು ಗಮನಿಸಿದವರಿಗೆ ನಾಟಕದ ಹೃದಯವು ಅರ್ಧ ತೆರೆದಂತೆಯೇ ಸರಿ. ಮೂಲದಲ್ಲಿ ಮೂರನೂ ಅವನ ಹೆಂಡತಿಯೂ ವೆನಿಸಿನಲ್ಲಿ ಬಹುಕಾಲ ಸುಖವಾಗಿ ಬಾಳಿದವರು. ನಾಟಕದಲ್ಲಿ ಮದುವೆಯಾದ ರಾತ್ರಿಯೇ ತೆರೆ ಏಳುತ್ತದೆ. ಒಬ್ಬರನ್ನೊಬ್ಬರು ಅರಿಯುವುದಕ್ಕೆ ಬೇಕಾದ ಸಾಮಾನ್ಯ ದಿನಗಳು, ಅಡುಗೆ ಉಪ್ಪಾಯಿತೆಂಬಂತಹ ಸಣ್ಣ ಜಗಳಗಳ ದಿನಗಳು, ಈ ದಂಪತಿಗಳಿಗೆ ಒದಗಲೇ ಇಲ್ಲ. ಎರಡನೆಯದಾಗಿ, ನಾಟಕದಲ್ಲಿ ಇಯಾಗೊ ಆಗುವ ಧ್ವಜಧಾರಿಯ ವಿಫಲಪ್ರೇಮವೆಂಬ ಸರಳ ಕಾರಣವನ್ನು ಕವಿಯು ಬಹುಮಟ್ಟಿಗೆ ಅಳಿಸಿಹಾಕಿದನು. ಮೂರನೆಯದು ನನ್ನ ದೃಷ್ಟಿಗೆ ಎಲ್ಲಕ್ಕಿಂತ ಮುಖ್ಯವಾದುದು. ಚಿಂತಿಯೊನ ಕಥೆಯಲ್ಲಿ ನೊಂದ ಡಿಸ್ಡೆಮೋನಳೇ, ನಿಸರ್ಗವೂ ದೈವವೂ ಜೀವನಕ್ರಮವೂ ತಮ್ಮಿಂದ ಬೇರ್ಪಡಿಸಿರುವ ಪುರುಷನನ್ನು ಇಟಲಿಯ ಹೆಣ್ಣುಮಕ್ಕಳು ಮದುವೆಯಾಗಬಾರದೆಂಬುದಕ್ಕೆ ತಾನು ನಿದರ್ಶನವಾಗುವೆನೇನೋ ಎಂದು ಹಲುಬುತ್ತಾಳೆ. ನಾಟಕದ ಡೆಸ್ಡೆಮೋನಾ ಸಾಯುವ ಗಳಿಗೆಯಲ್ಲಿಯೂ ಅಂತಹ ಮಾತನ್ನು ಆಡುವುದಿಲ್ಲ. ಆದರೆ ಆ ಮಾತು ನಾಟಕದಿಂದ ಮಾಯವಾಗಿಲ್ಲ: ನಾಯಿಕೆಯ ಬಾಯಿಂದ ಕಿತ್ತು ಅದನ್ನು ಅವಳ ತಂದೆ ಬ್ರಬಾನ್ಷಿಯೊನ ಬಾಯಿಗೂ ಇಯಾಗೊನ ಬಾಯಿಗೂ ಹಂಚಿಕೊಟ್ಟಿದೆ. ಮೂಲಕಥೆಯ ನೀತಿಯೇ ನಾಟಕದಲ್ಲಿ ಖಳನ ಆಯುಧವಾಯಿತು.

ಇನ್ನು ವೆನಿಸಿನ ವಿಷಯಕ್ಕೆ ಬರೋಣ. ಮೊದಲನೆಯ ದೃಶ್ಯವು ಕತ್ತಲೆಯ ಬೀದಿಯಲ್ಲಿ, ಕುಲೀನನಾದ ಬ್ರಬಾನ್ಷಿಯೊನ ಮನೆಯ ಕಿಟಕಿಯ ಕೆಳಗೆ ನಡೆಯುತ್ತದೆ. ಇಯಾಗೊ ಮತ್ತು ಅವನ ಜೊತೆಗಾರ ರೊಡೆರಿಗೊ ಆ ಮುದುಕನನ್ನು ಕೂಗಿ ಎಬ್ಬಿಸಿ, ಅವನ ಮಗಳು ಓಡಿಹೋದ ಸುದ್ದಿಯನ್ನು ಮೃಗಗಳ ಕೂಟದ ಹೊಲಸು ಉಪಮೆಗಳಲ್ಲಿ ಹೇಳುತ್ತಾರೆ. ಈ ದೃಶ್ಯದಲ್ಲಿ ಒಥೆಲೊನ ಹೆಸರು ಒಮ್ಮೆಯೂ ಕೇಳಿಬರುವುದಿಲ್ಲ. ಅವನು ಬರಿಯ ‘ಮೂರ’, ಅಥವಾ ತುಟಿಯ ದಪ್ಪವನ್ನು ಹಿಡಿದು ಆಡಿಕೊಳ್ಳುವ ಅಡ್ಡಹೆಸರು. ಹೀಗೆ ಪ್ರೇಕ್ಷಕನಿಗೆ ಮೊದಲು ಪರಿಚಯವಾಗುವುದು ಒಥೆಲೊನಲ್ಲ, ಒಥೆಲೊನ ವಿಷಯವಾದ ಅಪವಾದ. ಆಮೇಲೆ ಆತನು ತಾನೇ ಬಂದು ನಿಂತು, ಹಿರಿದ ಕತ್ತಿಗಳ ನಡುವೆ ಒಂದು ಶಾಂತವಾದ ಮಾತಿನಿಂದ ಜಗಳವನ್ನು ಅಡಗಿಸಿದಾಗ, ನಾವು ಕೇಳಿದ್ದಕ್ಕೂ ಕಂಡದ್ದಕ್ಕೂ ಇರುವ ಅಂತರವು ನಮ್ಮನ್ನೇ ನಾಚಿಸುತ್ತದೆ.

ಇಯಾಗೊ, ರೊಡೆರಿಗೊ ಇಬ್ಬರೂ ನೀಚರು. ಅವರ ಪೂರ್ವಗ್ರಹಕ್ಕೆ ನಾವು ಬೆರಗಾಗಬೇಕಾದುದಿಲ್ಲ. ವಿಚಾರಮಾಡತಕ್ಕದ್ದು ಸಜ್ಜನರ ಪೂರ್ವಗ್ರಹವನ್ನು. ಬ್ರಬಾನ್ಷಿಯೊ ಒಥೆಲೊನನ್ನು ಮನೆಗೆ ಮತ್ತೆ ಮತ್ತೆ ಕರೆದು, ಊಟಕ್ಕೆ ಕೂರಿಸಿ, ಅವನ ಬಾಳಿನ ಕಥೆಯನ್ನು ಹೇಳಿಸಿ ಕೇಳಿ ಸಂತೋಷಪಟ್ಟವನು. ಅತಿಥಿಯಾಗಿ ಅವನು ಪ್ರಿಯ, ಅಳಿಯನಾಗಿ ಅಸಹ್ಯ. ಮಗಳು ಮಾಟಮಂತ್ರಕ್ಕಲ್ಲದೆ ಮನಸಾರ ಅವನಿಗೆ ಒಲಿದಿರಲಾರಳೆಂದು ಆ ತಂದೆ ಪೂರ್ಣಪ್ರಾಮಾಣಿಕತೆಯಿಂದ ನಂಬುತ್ತಾನೆ. ತುರ್ಕರ ನೌಕಾಪಡೆ ಸೈಪ್ರಸ್ಸಿನ ಕಡೆಗೆ ಹೊರಟಿದೆಯೆಂಬ ಸುದ್ದಿಯಿಂದ ನಡುರಾತ್ರಿಯಲ್ಲಿ ಸೇರಿದ ಮಂತ್ರಿಪರಿಷತ್ತು ಒಥೆಲೊನ ಪರವಾಗಿ ತೀರ್ಪು ಕೊಡುತ್ತದೆ, ನಿಜ. ಆದರೆ ಅಂದು ತುರ್ಕರು ಬಾರದೆ ಇದ್ದಿದ್ದರೆ ಆ ತೀರ್ಪು ಏನಾಗುತ್ತಿತ್ತು? ನಾಟಕ ಇದನ್ನು ಕೇಳುವುದಿಲ್ಲ. ಕೇಳಿಕೊಳ್ಳುವ ಭಾರವನ್ನು ನಮಗೆ ಬಿಟ್ಟಿದೆ. ವೆನಿಸಿನ ದೊರೆಯು ಒಥೆಲೊನನ್ನು ಹೊಗಳುವಾಗಲೂ, ಗುಣಕ್ಕೆ ಚೆಲುವು ಉಂಟೆಂದಾದರೆ ನಿನ್ನ ಅಳಿಯ ಕರಿಯನೆನ್ನುವುದಕ್ಕಿಂತ ಬೆಳ್ಳಗಿನವನೇ ಸರಿ ಎಂಬರ್ಥದ ಸಮಾಧಾನವನ್ನು ಬ್ರಬಾನ್ಷಿಯೊನಿಗೆ ಹೇಳುತ್ತಾನೆ. ಇಂತಹ ಹೊಗಳಿಕೆಯನ್ನು ಕೇಳಿಕೊಂಡು ಬೆಳೆದವನ ಒಳಗಿವಿಯಲ್ಲಿ ಏನು ಉಳಿಯುತ್ತದೆ ಎಂಬುದು ಮೂರನೆಯ ಅಂಕದವರೆಗೆ ನಮಗೆ ತಿಳಿಯುವುದಿಲ್ಲ.

ಇಲ್ಲಿಯೇ ಇನ್ನೊಂದನ್ನು ಗಮನಿಸಬೇಕು. ಡೆಸ್ಡೆಮೋನಾ ತನಗೆ ಒಲಿದುದು ಹೇಗೆಂಬುದನ್ನು ಒಥೆಲೊ ಸಭೆಗೆ ಅರಿಕೆ ಮಾಡುತ್ತಾನೆ: ಮನೆಗೆಲಸದ ನಡುವೆ ಬಿಡುವು ಮಾಡಿಕೊಂಡು ಬಂದು ಅವಳು ಇವನ ಯುದ್ಧ, ಸೆರೆ, ಅಲೆದಾಟಗಳ ಕಥೆಗಳನ್ನು ಕೇಳಿದಳು, ಇವನ ಕಷ್ಟಗಳಿಗಾಗಿ ಅವಳು ಇವನನ್ನು ಪ್ರೀತಿಸಿದಳು, ಆ ಕಷ್ಟಗಳಿಗೆ ಮರುಗಿದಳೆಂದು ಇವನು ಅವಳನ್ನು ಪ್ರೀತಿಸಿದನು. ಎಷ್ಟು ಸುಂದರವಾದ ಅರಿಕೆ! ಆದರೆ ಇದರಲ್ಲಿ ಅಪಾಯವೂ ಇದೆ. ಒಥೆಲೊನಿಗೆ ತನ್ನ ಬಾಳಿನ ಬೆಲೆ ಕಾಣುವುದು ಅವಳ ಕಣ್ಣಿನಲ್ಲಿ. ಪರದೇಶದಲ್ಲಿ ನಿಂತ, ಬಂಧುಬಳಗವಿಲ್ಲದ, ಶಿಬಿರವಲ್ಲದೆ ಮನೆಯನ್ನರಿಯದ ಆ ಸೇನಾನಿಗೆ ಅವಳ ಆ ನೋಟವೊಂದೇ ಆಧಾರ. ಅದು ಕದಲಿತೆಂಬ ಭ್ರಾಂತಿ ಬಂದ ಕೂಡಲೇ ಅವನಿಗೆ ಉಳಿಯುವುದು ವೆನಿಸಿನ ನೋಟ.

ಈಗ ಇಯಾಗೊನ ವಿದ್ಯೆಯನ್ನು ನೋಡೋಣ. ಇಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುವುದನ್ನು ತಾವು ಸೈರಿಸಬೇಕು. ನಾಟಕದ ಹೆಸರು ಒಥೆಲೊನದಾದರೂ ಹೆಚ್ಚು ಮಾತು ಇಯಾಗೊನದು. ಇಪ್ಪತ್ತೆಂಟು ವಯಸ್ಸಿನ ಈ ಸಿಪಾಯಿ ತನ್ನ ದ್ವೇಷಕ್ಕೆ ಹಲವು ಕಾರಣಗಳನ್ನು ಕೊಡುತ್ತಾನೆ: ತನಗೆ ಬರಬೇಕಾಗಿದ್ದ ಪದವಿ ಲೆಕ್ಕಾಚಾರವನ್ನು ಮಾತ್ರ ಬಲ್ಲ ಕ್ಯಾಸಿಯೊನಿಗೆ ಹೋಯಿತೆಂಬುದು ಒಂದು; ಒಥೆಲೊ ತನ್ನ ಹೆಂಡತಿಯೊಡನೆ ಕೂಡಿದನೆಂಬ ಗಾಳಿಮಾತು ಇನ್ನೊಂದು; ಕ್ಯಾಸಿಯೊನ ಮೇಲೂ ಅದೇ ಗುಮಾನಿ ಮತ್ತೊಂದು. ಕೋಲ್‌ರಿಜ್ ಮಹಾಶಯನು ಇವೆಲ್ಲವನ್ನೂ ನಿಷ್ಕಾರಣವಾದ ಕೇಡಿಗತನವು ತನಗಾಗಿ ಕಾರಣವನ್ನು ಹುಡುಕಿಕೊಳ್ಳುವ ಪರಿಯೆಂದು ಬಗೆದನು. ಆ ಮಾತು ಪ್ರಸಿದ್ಧವಾಗಿದೆ, ನನಗೆ ಮಾತ್ರ ಪೂರ್ತಿ ಒಪ್ಪಿಗೆಯಿಲ್ಲ. ಹೆಂಡತಿಯನ್ನು ಕುರಿತ ಗಾಳಿಮಾತು ನಿಜವೋ ಸುಳ್ಳೋ ತಾನರಿಯೆನೆಂದೂ, ಬರಿಯ ಸಂದೇಹವನ್ನೇ ನಿಶ್ಚಯವೆಂದು ಹಿಡಿದು ನಡೆಯುವೆನೆಂದೂ ಇಯಾಗೊ ಸ್ವಗತದಲ್ಲಿ ಹೇಳಿಕೊಳ್ಳುತ್ತಾನಷ್ಟೆ. ಆ ಯೋಚನೆ ತನ್ನ ಕರುಳನ್ನು ಕೊರೆಯುತ್ತಿದೆಯೆಂದೂ ಹೇಳುತ್ತಾನೆ. ಎಂದರೆ ಒಥೆಲೊನಿಗೆ ಹತ್ತಿಸಲಿರುವ ರೋಗ ಮೊದಲು ಅವನ ಮೈಯಲ್ಲಿದೆ. ಅದರ ಲಕ್ಷಣಗಳನ್ನೂ ನೋವಿನ ಏರಿಳಿತಗಳನ್ನೂ ಅವನು ಅನುಭವದಿಂದ ಬಲ್ಲನು. ಆದುದರಿಂದಲೇ ಅವನ ಕೈ ಎಲ್ಲಿಯೂ ತಪ್ಪುವುದಿಲ್ಲ.

ನಮ್ಮ ಪುರಾಣಗಳಲ್ಲಿ ಕಿವಿಯೂದುವವರಿಗೇನೂ ಬರಗಾಲವಿಲ್ಲ. ಆದರೆ ಮಂಥರೆ ತಾನು ಹೇಳುವುದನ್ನು ತಾನು ನಂಬಿದ್ದಾಳೆ. ತನ್ನ ಒಡತಿಗೆ ಕೇಡಾದೀತೆಂಬ ಭಯ ಅವಳಲ್ಲಿ ನಿಜವಾದುದು. ಇಯಾಗೊನಿಗೆ ಯಾವ ಮಾತಿನಲ್ಲಿಯೂ ನಂಬಿಕೆಯಿಲ್ಲ. ಕುಡಿದು ಜಗಳವಾಡಿ ಪದವಿ ಕಳೆದುಕೊಂಡ ಕ್ಯಾಸಿಯೊ, ತನ್ನ ಮಾನ ಹೋಯಿತೆಂದು ಗೋಳಾಡುವಾಗ, ಮಾನವೆಂಬುದು ಬರಿಯ ಹುಸಿ ಹೊರೆ, ಯೋಗ್ಯತೆಯಿಲ್ಲದೆ ಬಂದು ತಪ್ಪಿಲ್ಲದೆ ಹೋಗುವ ವಸ್ತು ಎಂದು ಸಮಾಧಾನ ಹೇಳುತ್ತಾನೆ. ಮುಂದಿನ ಅಂಕದಲ್ಲಿ ಒಥೆಲೊನ ಎದುರಿಗೆ, ಹಣವನ್ನು ಕದ್ದರೆ ಕದ್ದದ್ದು ಕಸ, ಮಾನವನ್ನು ಕದ್ದರೆ ಕದ್ದದ್ದು ಆತ್ಮದ ಆಭರಣವೆಂದು ಗಂಭೀರವಾಗಿ ಉಪದೇಶಿಸುತ್ತಾನೆ. ಎರಡೂ ಮಾತು ಕೇಳುವವನ ಮನಸ್ಸಿಗೆ ಅಳತೆ ತೆಗೆದು ಹೊಲಿದ ಉಡುಪಿನಂತಿವೆ. ಅವನು ಯಾರಿಗೂ ಹೊಸದೊಂದು ದುರ್ಗುಣವನ್ನು ಕಲಿಸುವುದಿಲ್ಲ. ರೊಡೆರಿಗೊನ ಆಸೆ, ಕ್ಯಾಸಿಯೊನ ಸೌಜನ್ಯ, ತನ್ನ ಹೆಂಡತಿ ಎಮೀಲಿಯಳ ಪತಿವಿಧೇಯತೆ, ಡೆಸ್ಡೆಮೋನಳ ಕರುಣೆ, ಒಥೆಲೊನ ಸರಳ ವಿಶ್ವಾಸ, ಇವುಗಳಲ್ಲಿ ಒಂದೊಂದನ್ನೂ ಅದರದರ ಸಹಜ ದಿಕ್ಕಿನಲ್ಲಿಯೇ ಇನ್ನೊಂದು ಹೆಜ್ಜೆ ಮುಂದಕ್ಕೆ ತಳ್ಳುತ್ತಾನೆ. ಸೌಜನ್ಯದಿಂದ ಕುಡಿದವನು ಜಗಳಗಂಟನಾಗುತ್ತಾನೆ. ಕರುಣೆಯಿಂದ ಅವನ ಪರವಾಗಿ ಬೇಡಿದವಳು ಜಾರಿಣಿಯಾಗಿ ತೋರುತ್ತಾಳೆ.

ಮೂರನೆಯ ಅಂಕದ ಮೂರನೆಯ ದೃಶ್ಯವು ಪ್ರಪಂಚದ ನಾಟಕಸಾಹಿತ್ಯದಲ್ಲಿಯೇ ಅಪೂರ್ವವಾದುದು. ಅಲ್ಲಿ ಇಯಾಗೊ ಆರಂಭಿಸುವುದು ಸುಳ್ಳಿನಿಂದಲ್ಲ, ಮೌನದಿಂದ. ಕ್ಯಾಸಿಯೊ ಡೆಸ್ಡೆಮೋನಳ ಬಳಿಯಿಂದ ಮುಜುಗರದಿಂದ ಹೊರಟುಹೋಗುವುದನ್ನು ಕಂಡು, ಇದು ತನಗೆ ಹಿಡಿಸದು ಎಂದು ಗೊಣಗಿ, ಏನೆಂದು ಕೇಳಿದರೆ ಏನೂ ಇಲ್ಲವೆನ್ನುತ್ತಾನೆ. ತಾವು ಪ್ರೇಮದಲ್ಲಿದ್ದಾಗ ಕ್ಯಾಸಿಯೊನಿಗೆ ಅದು ತಿಳಿದಿತ್ತೆ ಎಂದು ಕೇಳುತ್ತಾನೆ. ತಿಳಿದಿತ್ತು, ಅವನೇ ನಮ್ಮ ನಡುವೆ ಓಡಾಡುತ್ತಿದ್ದನೆಂದು ಉತ್ತರ ಬಂದರೆ, ಒಡೆಯನ ಮಾತಿನ ಕೊನೆಯನ್ನೇ ಪ್ರಶ್ನೆಯಾಗಿ ಮಾರ್ದನಿಸಿ ಸುಮ್ಮನಾಗುತ್ತಾನೆ. ಹೇಳಲೊಲ್ಲದವನಂತೆ ನಟಿಸುವವನಿಂದ ಹೇಳಿಸುವ ಆತುರ ಒಥೆಲೊನದಾಗುತ್ತದೆ. ಒತ್ತಾಯಕ್ಕೆ ಸಿಕ್ಕು ಬಾಯಿಬಿಟ್ಟವನು ಸುಳ್ಳುಗಾರನಾಗಿ ತೋರುವುದುಂಟೆ? ಅದಕ್ಕೂ ಮಿಗಿಲಾಗಿ, ಮತ್ಸರಕ್ಕೆ ಎಡೆಗೊಡಬೇಡಿರೆಂದು ಅವನೇ ಒಥೆಲೊನನ್ನು ಎಚ್ಚರಿಸುತ್ತಾನೆ. ಒಥೆಲೊನ ಮನಸ್ಸಿಗೆ ಇನ್ನೂ ಬಾರದಿದ್ದ ಆ ಭೂತ ಎಚ್ಚರಿಕೆಯ ವೇಷದಲ್ಲಿ ಒಳಹೊಗುತ್ತದೆ.

ಇಷ್ಟಾದರೂ ಒಥೆಲೊ ಗಟ್ಟಿಯಾಗಿಯೇ ಇದ್ದಾನೆ. ಅವಳು ಕಣ್ಣಿದ್ದು ನನ್ನನ್ನು ಆರಿಸಿಕೊಂಡಳು ಎನ್ನುತ್ತಾನೆ. ಆಗ ಇಯಾಗೊ ದಾಳವನ್ನು ಬದಲಾಯಿಸುತ್ತಾನೆ. ನಮ್ಮ ನಾಡಿನ ಹೆಂಗಸರ ಸ್ವಭಾವ ನನಗೆ ಗೊತ್ತು, ವೆನಿಸಿನವರು ಗಂಡನಿಗೆ ತೋರಿಸಲಾರದ್ದನ್ನು ದೇವರಿಗೆ ಮಾತ್ರ ತೋರಿಸುತ್ತಾರೆ ಎನ್ನುತ್ತಾನೆ. ‘ನಮ್ಮ ನಾಡು’ ಎಂದೊಡನೆ ಒಥೆಲೊ ಆ ನಾಡಿನ ಗೆರೆಯಿಂದ ಹೊರಗಾದನು. ವೆನಿಸಿಗಾಗಿ ಹೋರಾಡಿ ಹಣ್ಣಾದವನು ವೆನಿಸನ್ನು ಅರಿಯದವನಾದನು. ಅದರ ಬೆನ್ನಿಗೇ, ತಂದೆಯನ್ನು ವಂಚಿಸಿಯೇ ಅಲ್ಲವೆ ಅವಳು ತಮ್ಮನ್ನು ಮದುವೆಯಾದದ್ದು ಎಂಬ ನೆನಪು. ಇದು ಬ್ರಬಾನ್ಷಿಯೊ ಸಭೆಯಿಂದ ಹೋಗುವಾಗ ಎಸೆದು ಹೋದ ಮಾತೇ. ಅಂದು ಅದಕ್ಕೆ ತನ್ನ ಪ್ರಾಣವನ್ನೇ ಪಣವಿಟ್ಟು ಉತ್ತರಿಸಿದ್ದ ಒಥೆಲೊ ಇಂದು ಹೌದೆನ್ನುತ್ತಾನೆ. ಇನ್ನು ಕೆಲವು ಸಾಲುಗಳಾಚೆ, ಯಾರೂ ಕೇಳದೆ, ನಿಸರ್ಗವು ತನ್ನಿಂದ ತಾನೇ ದಾರಿತಪ್ಪಿದರೆ ಎಂದು ಅವನೇ ಮಾತೆತ್ತುತ್ತಾನೆ. ಇಯಾಗೊ ಕಾದಿದ್ದುದು ಇದಕ್ಕಾಗಿ. ಅಲ್ಲಿಯೇ ಇದೆ ವಿಷಯ ಎಂದು ಹಾರಿಹಿಡಿದು, ತನ್ನ ದೇಶದ, ತನ್ನ ಬಣ್ಣದ, ತನ್ನ ಅಂತಸ್ತಿನ ವರಗಳನ್ನು ತಿರಸ್ಕರಿಸಿದವಳ ರುಚಿಯಲ್ಲಿ ಏನೋ ವಿಕಾರವಿರಬೇಕೆಂದು, ಕ್ಷಮೆ ಬೇಡುತ್ತ ಬೇಡುತ್ತ, ಹೇಳಿಯೇಬಿಡುತ್ತಾನೆ. ಬ್ರಬಾನ್ಷಿಯೊನ ವಾದವು ಹೀಗೆ ಒಥೆಲೊನ ಸ್ವಂತ ವಾದವಾಯಿತು.

ಇಯಾಗೊ ಆಚೆ ಹೋದ ಮೇಲೆ ಒಥೆಲೊ ಒಬ್ಬನೇ ಆಡಿಕೊಳ್ಳುವ ಮಾತುಗಳ ಅನುಕ್ರಮವನ್ನು ವಿದ್ಯಾರ್ಥಿಗಳು ಗಮನವಿಟ್ಟು ನೋಡಬೇಕು. ತಾನು ಕರಿಯನೆಂಬುದು ಮೊದಲು. ಸಭ್ಯರ ಮೆದುಮಾತು ತನಗೆ ಬಾರದೆಂಬುದು ಆಮೇಲೆ. ವಯಸ್ಸು ಇಳಿಯತೊಡಗಿದೆಯೆಂಬುದು ಅದರ ಮೇಲೆ. ಅವಳು ತನ್ನ ಪಾಲಿಗೆ ಹೋದಳೆಂಬ ನಿರ್ಣಯ ಇವೆಲ್ಲದರ ನಂತರ ಬರುತ್ತದೆ. ಅವಳು ಮಾಡಿದ್ದೇನೆಂಬ ಯೋಚನೆ ಆ ಸರಣಿಯಲ್ಲಿ ಎಲ್ಲಿಯೂ ಇಲ್ಲ. ಇರುವುದೆಲ್ಲ ತಾನು ಪ್ರೀತಿಗೆ ಅರ್ಹನೇ ಎಂಬ ಶಂಕೆ. ಈ ಹೊತ್ತಿಗೆ ಕರವಸ್ತ್ರವು ಇನ್ನೂ ಡೆಸ್ಡೆಮೋನಳ ಕೈಯಲ್ಲಿಯೇ ಇದೆ! 1693ರಲ್ಲಿ ಥಾಮಸ್ ರೈಮರ್ ಎಂಬ ವಿಮರ್ಶಕನು, ಒಂದು ಕರವಸ್ತ್ರಕ್ಕೆ ಇಷ್ಟೆಲ್ಲ ರಾದ್ಧಾಂತವೇ ಎಂದು ಈ ನಾಟಕವನ್ನು ಗೇಲಿಮಾಡಿದನು. ಕರವಸ್ತ್ರ ಬೀಳುವ ಮುನ್ನವೇ ಒಥೆಲೊ ಬಿದ್ದಿದ್ದನೆಂಬುದನ್ನು ಆ ವಿದ್ವಾಂಸನು ಗಮನಿಸಿದ್ದರೆ ಅಷ್ಟು ಶಾಯಿ ಉಳಿಯುತ್ತಿತ್ತು.

ಇಲ್ಲಿಂದ ಸಂಶಯದ ಸ್ವರೂಪಕ್ಕೆ ಬರುತ್ತೇನೆ. ಕಣ್ಣಾರೆ ಕಾಣುವ ಸಾಕ್ಷಿ ಬೇಕೆಂದು ಒಥೆಲೊ ಇಯಾಗೊನ ಕೊರಳನ್ನು ಹಿಡಿಯುತ್ತಾನೆ. ಆದರೆ ಅವನಿಗೆ ದೊರೆಯುವುದೇನು? ಕ್ಯಾಸಿಯೊ ನಿದ್ದೆಯಲ್ಲಿ ಕನವರಿಸಿದನೆಂಬ ಒಂದು ಕಥೆ. ಕರವಸ್ತ್ರದಿಂದ ಗಡ್ಡ ಒರಸಿಕೊಂಡನೆಂಬ ಒಂದು ವರದಿ. ದೂರದಲ್ಲಿ ಅಡಗಿ ನಿಂತು ಕಂಡ, ಕಿವಿಗೆ ಬೀಳದ ಒಂದು ನಗು. ನಮ್ಮ ಜನ್ನನ ‘ಯಶೋಧರ ಚರಿತೆ’ಯನ್ನು ಓದಿದವರಿಗೆ ಇಲ್ಲಿ ಒಂದು ವೈದೃಶ್ಯವು ಹೊಳೆಯದಿರದು. ಅಲ್ಲಿ ಅರಸನು ನಡುರಾತ್ರಿಯಲ್ಲಿ ಅಮೃತಮತಿಯ ಬೆನ್ನುಹತ್ತಿ ಹೋಗಿ ಎಲ್ಲವನ್ನೂ ತನ್ನ ಕಣ್ಣಿನಿಂದಲೇ ಕಾಣುತ್ತಾನೆ, ಎತ್ತಿದ ಕತ್ತಿಯನ್ನು ತಡೆದುಕೊಳ್ಳುತ್ತಾನೆ. ಇಲ್ಲಿ ಏನನ್ನೂ ಕಾಣದವನು ಕೊಲ್ಲುತ್ತಾನೆ. ಕಂಡದ್ದಕ್ಕೆ ಒಂದು ಮೇರೆಯುಂಟು, ಕಲ್ಪಿಸಿಕೊಂಡದ್ದಕ್ಕೆ ಇಲ್ಲ.

ಈ ನಾಟಕದಲ್ಲಿ ಮತ್ಸರಗ್ರಸ್ತರು ಇನ್ನೂ ಒಬ್ಬರಿದ್ದಾರೆ. ಅವಳನ್ನು ವಿಮರ್ಶಕರು ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕ್ಯಾಸಿಯೊನ ಪ್ರೇಯಸಿ ಬಿಯಾಂಕಾ, ಊರು ಮರ್ಯಾದೆಗೆಟ್ಟವಳೆಂದು ಆಡಿಕೊಳ್ಳುವ ಹೆಣ್ಣು. ಅದೇ ಕರವಸ್ತ್ರ ಅವಳ ಕೈಗೂ ಬರುತ್ತದೆ, ಅದರ ಕಸೂತಿಯ ನಕಲನ್ನು ತೆಗೆದುಕೊಡಬೇಕೆಂಬ ಕೋರಿಕೆಯೊಡನೆ. ಯಾವಳೋ ಇನ್ನೊಬ್ಬಳು ಕೊಟ್ಟ ಕಾಣಿಕೆಯಿದೆಂದು ಅವಳಿಗೂ ಗುಮಾನಿ ಹುಟ್ಟುತ್ತದೆ. ಅವಳು ಮಾಡುವುದೇನು? ನಡುಬೀದಿಯಲ್ಲಿ ಕ್ಯಾಸಿಯೊನ ಎದುರು ನಿಂತು, ಬೈದು, ವಸ್ತ್ರವನ್ನು ಅವನ ಮೇಲೆಯೇ ಎಸೆದು, ಮನಸ್ಸಿದ್ದರೆ ರಾತ್ರಿ ಊಟಕ್ಕೆ ಬಾ ಎಂದು ಹೇಳಿ ಹೊರಟುಹೋಗುತ್ತಾಳೆ. ಅವಳ ಮತ್ಸರವು ಪ್ರಶ್ನೆಯಾಗಿ ಹೊರಬಂದುದರಿಂದ ಯಾರ ಪ್ರಾಣವನ್ನೂ ತೆಗೆಯಲಿಲ್ಲ. ವೆನಿಸಿನ ಮಹಾಸೇನಾನಿಯಾದರೋ ಕ್ಯಾಸಿಯೊನನ್ನು ನಾಟಕದ ಕೊನೆಯವರೆಗೆ ಒಂದು ಮಾತನ್ನೂ ಕೇಳುವುದಿಲ್ಲ. ಹೆಂಡತಿಯನ್ನು ಕೇಳುವಾಗಲೂ ಅವನು ಕೇಳುವುದು ಉತ್ತರಕ್ಕಾಗಿ ಅಲ್ಲ. ಕೇಳುವುದಕ್ಕೆ ತಾನು ಸಮಾನನೆಂಬ ಧೈರ್ಯ ಬೇಕು. ಬಿಯಾಂಕಳಿಗೆ ಅದು ಇದೆ, ಒಥೆಲೊನಿಂದ ಅದನ್ನು ಇಯಾಗೊ ಕಿತ್ತುಕೊಂಡಿದ್ದಾನೆ.

ಎಮೀಲಿಯಳ ವಿಷಯವಾಗಿ ಒಂದೆರಡು ಮಾತು. ಮಲಗುವ ಮುನ್ನ ಡೆಸ್ಡೆಮೋನಾ ಹಾಡಿಕೊಳ್ಳುವ ಹಾಡೂ, ಹೆಂಡಿರಿಗೂ ಗಂಡಂದಿರಂತೆಯೇ ಇಂದ್ರಿಯಗಳುಂಟು, ಆಸೆಗಳುಂಟು ಎಂದು ಎಮೀಲಿಯಾ ಮಾಡುವ ಆ ನೇರವಾದ ಭಾಷಣವೂ 1622ರ ಕ್ವಾರ್ಟೊ ಮುದ್ರಣದಲ್ಲಿ ಇಲ್ಲ. 1623ರ ಫೋಲಿಯೊದಲ್ಲಿ ಮಾತ್ರ ಇವೆ. ಅವಿಲ್ಲದ ನಾಟಕವನ್ನು ಊಹಿಸಿಕೊಳ್ಳಿ: ಇಯಾಗೊನ ಹೆಂಡತಿ ಕರವಸ್ತ್ರವನ್ನು ಎತ್ತಿಕೊಟ್ಟ ದಾಸಿಯಷ್ಟೇ ಆಗಿ ಉಳಿದುಬಿಡುತ್ತಾಳೆ. ಕೊನೆಯ ದೃಶ್ಯದಲ್ಲಿ ಗಂಡನ ಕತ್ತಿಯನ್ನು ಲೆಕ್ಕಿಸದೆ ಸತ್ಯವನ್ನು ಕೂಗಿ ಹೇಳುವ ಶಕ್ತಿ ಅವಳಿಗೆ ಎಲ್ಲಿಂದ ಬಂತೆಂಬುದು ಈ ಭಾಷಣದಿಂದ ತಿಳಿಯುತ್ತದೆ. ಆದರೆ ಆ ಸತ್ಯವಾದಿನಿಯೂ ಕೋಪದ ಭರದಲ್ಲಿ ಒಥೆಲೊನನ್ನು ಬೈಯುವುದು ಅವನ ಬಣ್ಣವನ್ನು ಹಿಡಿದೇ. ಅವಳನ್ನು ಮೆಚ್ಚುವ ನಾವು ಅದನ್ನು ಮುಚ್ಚಿಡಬಾರದು. ವೆನಿಸಿನಲ್ಲಿ ಆ ಬೈಗುಳಕ್ಕಾಗಿ ಯಾರೂ ಹುಡುಕಾಡಬೇಕಾಗಿರಲಿಲ್ಲ. ಅದು ಎಲ್ಲರ ನಾಲಗೆಯ ತುದಿಯಲ್ಲಿಯೇ ಇತ್ತು.

ವಿಮರ್ಶಕರನ್ನು ಕುರಿತು ಮಾತು ಕೊಟ್ಟಿದ್ದೆನಷ್ಟೆ. 1904ರಲ್ಲಿ ಪ್ರಕಟವಾದ ಬ್ರಾಡ್ಲಿಯ ಉಪನ್ಯಾಸಗಳು ಒಥೆಲೊನನ್ನು ಸ್ವಭಾವತಃ ಮತ್ಸರಿಯಲ್ಲದ ಮಹಾಪುರುಷನೆಂದು ಚಿತ್ರಿಸಿದುವು. ಇಯಾಗೊನಂತಹವನ ಕೈಗೆ ಸಿಕ್ಕ ಯಾರೂ ಹಾಗೆಯೇ ಆಗುತ್ತಿದ್ದರೆಂದು ವಾದಿಸಿದುವು. 1937ರಲ್ಲಿ ಲೀವಿಸ್ ಇದನ್ನು ಖಂಡಿಸಿ, ದೋಷವು ಒಥೆಲೊನ ಆತ್ಮಮೋಹದಲ್ಲಿಯೇ ಇದೆಯೆಂದೂ, ಅವನು ಸೋತ ವೇಗವೇ ಅದಕ್ಕೆ ಸಾಕ್ಷಿಯೆಂದೂ ಹೇಳಿದನು. ಇಬ್ಬರೂ ಪ್ರಚಂಡರು, ಇಬ್ಬರೂ ಒಬ್ಬ ವ್ಯಕ್ತಿಯ ಎದೆಯೊಳಗೆ ಮಾತ್ರ ದೀಪ ಹಿಡಿದು ನೋಡಿದರು, ಆ ಎದೆಗೆ ಗಾಳಿ ಬಂದ ಊರನ್ನು ನೋಡಲಿಲ್ಲ. ಕೋಲ್‌ರಿಜ್‌ನಾದರೋ, ಸುಂದರಿಯಾದ ವೆನಿಸಿನ ಕನ್ಯೆ ನಿಜವಾದ ನೀಗ್ರೋವನ್ನು ಪ್ರೀತಿಸಿದಳೆಂದು ಭಾವಿಸುವುದೇ ವಿಕಾರವೆಂದು ಬಗೆದು, ಒಥೆಲೊ ಅಷ್ಟು ಕಪ್ಪಾಗಿರಲಾರನೆಂದು ಸಾಧಿಸಹೊರಟನು. ಮಹಾಕವಿಯೂ ಮಹಾವಿಮರ್ಶಕನೂ ಆದವನು ತನಗರಿಯದಂತೆ ಬ್ರಬಾನ್ಷಿಯೊನ ಪೀಠದಲ್ಲಿ ಕುಳಿತುಬಿಟ್ಟನಲ್ಲ!

ರಂಗಭೂಮಿಯೂ ಆ ಪೀಠವನ್ನು ಬಹುಕಾಲ ಬಿಟ್ಟಿಳಿಯಲಿಲ್ಲ. 1833ರ ಮಾರ್ಚಿ ತಿಂಗಳಲ್ಲಿ ಎಡ್ಮಂಡ್ ಕೀನ್ ಕಾವೆಂಟ್ ಗಾರ್ಡನ್ನಿನಲ್ಲಿ ಒಥೆಲೊನ ಪಾತ್ರವನ್ನು ಆಡುತ್ತಿರುವಾಗಲೇ ಕುಸಿದುಬಿದ್ದನು. ಮರುತಿಂಗಳು ಅದೇ ರಂಗದ ಮೇಲೆ ಆ ಪಾತ್ರವನ್ನು ವಹಿಸಿದವನು ನ್ಯೂಯಾರ್ಕಿನಲ್ಲಿ ಹುಟ್ಟಿದ ಕರಿಯ ನಟ ಐರಾ ಆಲ್ಡ್ರಿಜ್. ಲಂಡನ್ನಿನ ಪತ್ರಿಕೆಗಳಲ್ಲಿ ಕೆಲವು 1604ರ ಇಯಾಗೊನನ್ನೂ ನಾಚಿಸುವಂತೆ ಬರೆದುವು. ಎರಡು ಪ್ರದರ್ಶನಗಳಿಗೇ ಅವನ ಒಥೆಲೊ ಅಲ್ಲಿ ನಿಂತಿತು. ಯೂರೋಪಿನ ಇತರ ರಾಜಧಾನಿಗಳು ಅವನನ್ನು ತಲೆಯ ಮೇಲೆ ಹೊತ್ತು ಮೆರೆಸಿದುವು ಎಂಬುದೂ ಸತ್ಯವೇ. 1848ರ ಆಗಸ್ಟ್ 17ರಂದು ಕಲಕತ್ತೆಯ ಸಾನ್ ಸೂಸಿ ರಂಗಮಂದಿರದಲ್ಲಿ, ಆಂಗ್ಲ ನಟನಟಿಯರ ನಡುವೆ, ವೈಷ್ಣವಚರಣ ಆಢ್ಯ ಎಂಬ ಬಂಗಾಳಿ ತರುಣನು ಒಥೆಲೊನಾಗಿ ನಿಂತನು. ಆಳುವವರ ನಾಟಕದಲ್ಲಿ ಆಳಿಸಿಕೊಳ್ಳುವವನೊಬ್ಬನು ಮೂರನಾದ ಆ ಸಂಜೆ ಊರಿಗೆಲ್ಲ ಸುದ್ದಿಯಾಯಿತು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ತಂದೆಯ ಮಗನಾದ ಪಾಲ್ ರೋಬ್ಸನ್ 1943ರಲ್ಲಿ ನ್ಯೂಯಾರ್ಕಿನ ಬ್ರಾಡ್ವೇಯಲ್ಲಿ ಈ ಪಾತ್ರವನ್ನು ಧರಿಸಿದಾಗ ನಾಟಕವು 296 ಪ್ರದರ್ಶನಗಳನ್ನು ಕಂಡಿತು.

ಕನ್ನಡಕ್ಕೆ ಒಥೆಲೊ ಬಂದುದು ಶೂರಸೇನನಾಗಿ. ಅಭಿನವ ಕಾಳಿದಾಸರೆಂದು ಮೈಸೂರು ಆಸ್ಥಾನದಲ್ಲಿ ಮಾನ್ಯರಾಗಿದ್ದ ಬಸವಪ್ಪಶಾಸ್ತ್ರಿಗಳು ಇಂಗ್ಲಿಷನ್ನು ಅರಿಯದವರು, ಸಿ. ಸುಬ್ಬರಾಯರ ನೆರವಿನಿಂದ ಮೂಲವನ್ನು ತಿಳಿದುಕೊಂಡು ‘ಶೂರಸೇನ ಚರಿತ್ರೆ’ಯನ್ನು ರಚಿಸಿದರು. ಅಂತಹ ರೂಪಾಂತರದಲ್ಲಿ ಮತ್ಸರವೂ ಕಪಟವೂ ಯಾವ ರಹದಾರಿಯೂ ಇಲ್ಲದೆ ಗಡಿಯನ್ನು ದಾಟಿಬರುತ್ತವೆ, ಏಕೆಂದರೆ ಅವು ಎಲ್ಲ ಊರಿನವು. ದಾಟಲು ತೊಡಕಾಗುವುದು ವೆನಿಸ್ ನಗರ. ಈ ತೊಡಕನ್ನು ಬಿಡಿಸುವ ಕೆಲಸ ನಮ್ಮ ಇಂದಿನ ಅನುವಾದಕರಿಗೂ ನಿರ್ದೇಶಕರಿಗೂ ಉಳಿದೇ ಇದೆಯೆಂದು ಮಾತ್ರ ಹೇಳಿ ಮುಂದುವರಿಯುತ್ತೇನೆ.

ಇನ್ನು ಕೊನೆಯ ದೃಶ್ಯ. ಸತ್ಯವು ಬಯಲಾದ ಮೇಲೆ ಒಥೆಲೊ ಇಯಾಗೊನನ್ನು ಏಕೆ ಹೀಗೆ ಮಾಡಿದೆಯೆಂದು ಕೇಳಿಸುತ್ತಾನೆ; ಇಯಾಗೊ ಇನ್ನು ಬಾಯಿ ತೆರೆಯೆನೆಂದು ಹೇಳಿ ಮೌನವನ್ನು ತಾಳುತ್ತಾನೆ. ಮಾತಿನಿಂದ ಕೊಂದವನಿಗೆ ಇನ್ನು ಮಾತಿನ ಅಗತ್ಯವಿಲ್ಲ. ಒಥೆಲೊ ತಾನು ರಾಜ್ಯಕ್ಕೆ ಮಾಡಿದ ಸೇವೆಯನ್ನು ನೆನಪಿಸಿ, ತನ್ನನ್ನು ಇದ್ದಂತೆಯೇ ಬರೆಯಿರೆಂದು ಬೇಡಿ, ಹಿಂದೊಮ್ಮೆ ಅಲೆಪ್ಪೊ ಪಟ್ಟಣದಲ್ಲಿ ವೆನಿಸಿನವನೊಬ್ಬನನ್ನು ಹೊಡೆದು ರಾಜ್ಯವನ್ನು ಜರೆದ ತುರ್ಕನನ್ನು ತಾನು ಇರಿದ ಪ್ರಸಂಗವನ್ನು ಹೇಳುತ್ತ, ಆ ಇರಿತವನ್ನು ತನ್ನ ಮೇಲೆಯೇ ತೋರಿಸುತ್ತಾನೆ. ಆ ಕ್ಷಣದಲ್ಲಿ ಇರಿದವನು ವೆನಿಸಿನ ಸೈನಿಕ, ಇರಿಸಿಕೊಂಡವನು ಹೊರಗಿನ ಶತ್ರು. ಎರಡೂ ಒಂದೇ ದೇಹ. ನಗರವು ತನ್ನ ಬಗ್ಗೆ ಇಟ್ಟುಕೊಂಡಿದ್ದ ಅಭಿಪ್ರಾಯವನ್ನು ಅವನು ಎಷ್ಟು ಪೂರ್ಣವಾಗಿ ಸ್ವೀಕರಿಸಿದನೆಂದರೆ, ಅದರ ದಂಡನೆಯನ್ನೂ ತಾನೇ ಜಾರಿಗೊಳಿಸಿದನು.

ಇಲ್ಲಿ ಸಾಮಾನ್ಯವಾಗಿ ಗಮನಕ್ಕೆ ಬಾರದ ಒಂದು ಕಾಗದದ ವಿಷಯವನ್ನು ಹೇಳಬೇಕು. ನಾಲ್ಕನೆಯ ಅಂಕದಲ್ಲಿ, ಕೊಲೆ ನಡೆಯುವುದಕ್ಕೆ ಮೊದಲೇ, ಒಥೆಲೊನ ಮತ್ಸರದ ಸುದ್ದಿ ವೆನಿಸನ್ನು ಮುಟ್ಟುವುದಕ್ಕೂ ಮೊದಲೇ, ವೆನಿಸಿನಿಂದ ಬಂದ ಲೊಡೊವಿಕೊ ಒಂದು ಆಜ್ಞೆಯನ್ನು ತರುತ್ತಾನೆ: ಒಥೆಲೊ ಹಿಂದಿರುಗತಕ್ಕದ್ದು, ಸೈಪ್ರಸ್ಸಿನ ಆಡಳಿತ ಕ್ಯಾಸಿಯೊನದು. ಕಾರಣವನ್ನು ನಾಟಕ ಹೇಳುವುದಿಲ್ಲ. ತುರ್ಕರ ಹಡಗುಗಳನ್ನು ಎರಡನೆಯ ಅಂಕದಲ್ಲಿಯೇ ಬಿರುಗಾಳಿ ಮುಳುಗಿಸಿತ್ತೆಂಬುದನ್ನು ನೆನೆದರೆ, ಮೂರನಿಂದ ಆಗಬೇಕಾದ ಕೆಲಸ ತೀರಿತ್ತೆಂದು ಊಹಿಸುವುದು ನನಗೆ ಅಸಂಗತವೆಂದು ತೋರುವುದಿಲ್ಲ. ಮಗಳ ಮದುವೆಯ ಕೊರಗಿನಿಂದ ಬ್ರಬಾನ್ಷಿಯೊ ಸತ್ತನೆಂಬ ಸುದ್ದಿ ಕೊನೆಯ ದೃಶ್ಯದಲ್ಲಿ ಬರುತ್ತದೆ. ಶವಗಳು ಇನ್ನೂ ಹಾಸಿಗೆಯ ಮೇಲಿರುವಾಗಲೇ ಲೊಡೊವಿಕೊ ಆಡಳಿತದ ಏರ್ಪಾಡುಗಳನ್ನು ಮುಗಿಸುತ್ತಾನೆ: ಇಯಾಗೊನಿಗೆ ಚಿತ್ರಹಿಂಸೆ, ಅದನ್ನು ನಡೆಸುವ ಹೊಣೆ ಕ್ಯಾಸಿಯೊನಿಗೆ, ವೆನಿಸಿಗೆ ವರದಿ ತನ್ನಿಂದ, ಮೂರನ ಮನೆಯೂ ಐಶ್ವರ್ಯವೂ ವಾರಸುದಾರನಾದ ಗ್ರಾಷಿಯಾನೊನಿಗೆ. ಈ ಗ್ರಾಷಿಯಾನೊ ಬ್ರಬಾನ್ಷಿಯೊನ ಒಡಹುಟ್ಟಿದವನು.